ನಡುವಿನ ಗೂಟ

ಗದಗ-ಬೆಟಗೇರಿಯಲ್ಲಿ ಕ್ರಿಕೆಟ್ ನೋಡಿ ಬೆಳೆದ ಯಾವ ಹಿರಿಯರನ್ನಾದರೂ ಕೇಳಿ, ಈ ಸೀಮೆ ಕಂಡ ಅತಿ ದೊಡ್ಡ ಬ್ಯಾಟ್ಸ್‌ಮನ್ ಯಾರು ಎಂದು. ಇನಾಮದಾರ ರಾಯರು ಎನ್ನುತ್ತಾರೆ. ಎಷ್ಟು ರನ್ ಹೊಡೆದಿದ್ದರು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಒಂದು ಕಥೆ ಮಾತ್ರ. ಸಂಸ್ಥಾನಗಳು ವಿಲೀನವಾದ ಮೇಲೆ ರಾಯರು ಮೊದಲ ಸಲ ತಮ್ಮ ಊರು ಬಿಟ್ಟು ಗದಗಿಗೆ ಬಂದು ಆಡಿದರಂತೆ, ಚೆಂಡು ಕಾಲಿಗೆ ಬಡಿಯಿತಂತೆ, ಅಂಪೈರ್ ಬೆರಳು ಎತ್ತುವುದರೊಳಗೆ ತಾವಾಗಿಯೇ ಬ್ಯಾಟನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಬಿಟ್ಟರಂತೆ. "ಅದಕ್ಕ ದೊಡ್ಡ ಮನಶ್ಯಾ ಅಂತಾರ ನೋಡ್ರಿ," ಎಂದು ಕಥೆ ಮುಗಿಯುತ್ತದೆ.

ಈ ಕಥೆಯ ವಿರುದ್ಧ ನನ್ನ ವಾದ ಚಿಕ್ಕದು. ಬೆರಳು ಮೊದಲು ಎದ್ದಿತ್ತು. ಆ ಬೆರಳು ನನ್ನದು.

ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಡ್ರಿಲ್ ಮಾಸ್ತರನಾಗಿದ್ದೆ. ಈಗ ಕ್ರೀಡಾ ಶಿಕ್ಷಕ ಎನ್ನುತ್ತಾರೆ, ಕೆಲಸ ಅದೇ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಕಸರತ್ತು, ಕವಾಯತು, ಓಟದ ಗೆರೆ ಎಳೆಯುವುದು ಎಲ್ಲವನ್ನೂ ಕಲಿಸುತ್ತಾರೆ. ನಮ್ಮ ಆಯುಷ್ಯದ ಅರ್ಧ ಭಾಗ ಅಂಪೈರಾಗಿ ಬಿಸಿಲಲ್ಲಿ ನಿಲ್ಲುವುದರಲ್ಲೇ ಕಳೆಯುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ನಾಲಿಗೆ ಹರಿತ ಮಾಡಿಕೊಂಡು ಬಂದವನು ನಾನು. ಕೆಲಸಕ್ಕೆ ಸೇರಿದ ವಾರದಲ್ಲೇ ವೇಳಾಪಟ್ಟಿಯ ಬಗ್ಗೆ ಹೆಡ್ ಮಾಸ್ತರರೊಡನೆ ವಾದಕ್ಕಿಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕಪಾಟಿನಿಂದ ಒಂದು ಬಿಳಿ ಕೋಟು ತೆಗೆದು ಕೊಟ್ಟರು.

"ಇದನ್ನ ಹಾಕ್ಕೊಂಡು ಐತಾರ ಬಯಲಿಗೆ ಹೋಗು. ಅಲ್ಲಿ ನೀ ಹೇಳಿದ್ದಕ್ಕ ಯಾರೂ ತಿರುಗಿ ವಾದಾ ಮಾಡೂ ಹಂಗಿಲ್ಲ. ನಿನಗ ಹೇಳಿ ಮಾಡಿಸಿದ ಕೆಲಸ."

"ನಂಗ ಅಂಪೈರಿಂಗ್ ಬರೂದಿಲ್ರಿ, ಸರ್."

"ಬರತೈತೋ ಇಲ್ಲೋ ಅನ್ನೂದನ್ನ ಆಡೂ ಮಂದಿ ಹೇಳ್ತಾರ ಬಿಡು."

ಆಡುವ ಮಂದಿ ಮೊದಲ ಭಾನುವಾರವೇ ಹೇಳಿದರು. ಓವರಿನ ಚೆಂಡು ಎಣಿಸಲು ಕಿಸೆಯಲ್ಲಿ ಆರು ಹರಳು ಇಟ್ಟುಕೊಂಡು, ಒಂದೊಂದಾಗಿ ಇನ್ನೊಂದು ಕಿಸೆಗೆ ದಾಟಿಸುವುದು ಆಗಿನ ರೂಢಿ. ನನಗೆ ಹರಳು ಸಿಗಲಿಲ್ಲ, ಹುರಿದ ಶೇಂಗಾ ಇಟ್ಟುಕೊಂಡೆ. ಊಟದ ಹೊತ್ತು ಹತ್ತಿರವಾದಾಗ ಲಕ್ಷ್ಯವಿಲ್ಲದೆ ಎರಡನ್ನು ತಿಂದುಬಿಟ್ಟೆ. ನಾಲ್ಕೇ ಚೆಂಡಿಗೆ ಓವರ್ ಮುಗಿಯಿತೆಂದು ಕೂಗಿದೆ. ಬೌಲರು ರೇಲ್ವೆ ಗುಮಾಸ್ತ ಪರಪ್ಪ, ನನಗಿಂತ ಹತ್ತು ವರ್ಷ ದೊಡ್ಡವನು. ಸುಮ್ಮನೆ ಬಂದು ನನ್ನ ಬಾಯಿಯ ಮುಂದೆ ಕೈ ಚಾಚಿ ನಿಂತ.

"ಉಗುಳ್ರಿ, ಮಾಸ್ತರ. ನನ್ನ ಎರಡು ಬಾಲು ನಿಮ್ಮ ಬಾಯಾಗ ಅದಾವು."

ಬಯಲೆಲ್ಲ ನಕ್ಕಿತು. ಇವತ್ತು ಅಂಪೈರುಗಳ ಕೈಯಲ್ಲಿ ಒತ್ತಿ ಎಣಿಸುವ ಯಂತ್ರ ಇದೆ. ಒಳ್ಳೆಯದು, ಅದನ್ನು ತಿನ್ನಲಾಗುವುದಿಲ್ಲ.

ಇನ್ನೊಂದು ಸಲ ಮುಂಡರಗಿಯ ತಂಡಕ್ಕೂ ನಮಗೂ ಹಮ್ಮಿಗಿಯಲ್ಲಿ, ಹೊಳೆಯ ದಂಡೆಯ ಬಯಲಿನಲ್ಲಿ ಪಂದ್ಯವಿತ್ತು. ಮುಂಡರಗಿಯ ಒಬ್ಬ ಒಕ್ಕಲಿಗ ಎತ್ತಿ ಹೊಡೆದ ಚೆಂಡು ತುಂಗಭದ್ರೆಗೆ ಬಿತ್ತು. ಗೆರೆ ಎಲ್ಲಿ ಎಂದು ಮೊದಲು ಯಾರೂ ಮಾತಾಡಿಕೊಂಡಿರಲಿಲ್ಲ. ಅದು ನನ್ನ ತಪ್ಪು. ಬ್ಯಾಟಿನವರು ಓಡತೊಡಗಿದರು, ಓಡಿದರು, ಓಡುತ್ತಲೇ ಇದ್ದರು. ಚೆಂಡು ಕಳೆದರೆ ಆರು ರನ್ನು ಕೊಟ್ಟು ಆಟ ನಿಲ್ಲಿಸಬೇಕೆಂಬ ನಿಯಮ ನನಗೆ ಬಾಯಿಪಾಠ. ಕೈ ಎತ್ತಿದೆ. ಆ ಒಕ್ಕಲಿಗ ಓಡುತ್ತಲೇ ಕೇಳಿದ:

"ಯಾವ ಬಾಲು ಕಳದೈತ್ರಿ?"

"ಹೊಳ್ಯಾಗ ಬಿದ್ದಿದ್ದು."

"ಅದs ನೋಡ್ರಿ, ತೇಲಾಕತ್ತೈತಿ. ನಿಮಗೂ ಕಾಣತೈತಿ, ನನಗೂ ಕಾಣತೈತಿ. ಎಲ್ಲಾರಿಗೂ ಕಾಣೂದು ಕಳದಂಗ ಹೆಂಗಾತ್ರಿ?"

ಕಾಲೇಜಿನಲ್ಲಿ ನನಗೆ ಇಂಥ ಎದುರಾಳಿ ಒಬ್ಬನೂ ಸಿಕ್ಕಿರಲಿಲ್ಲ. ನಾನು ಉತ್ತರ ಹುಡುಕುವುದರೊಳಗೆ ಅವರು ಹದಿನಾರು ಓಡಿದ್ದರು. ಕೊಟ್ಟೆ. ಈಗಲೂ ಯೋಚಿಸುತ್ತೇನೆ, ಕೊಟ್ಟದ್ದು ಸರಿ. ಪಂದ್ಯಕ್ಕೆ ಮೊದಲು ಬಯಲನ್ನು ನಾಲ್ಕೂ ಕಡೆ ತಿರುಗಿ ನೋಡದ ಅಂಪೈರು ಆಮೇಲೆ ನಿಯಮದ ಪುಸ್ತಕ ತೆಗೆಯಬಾರದು.

ಈ ಪಾಠವನ್ನು ನಾನು ಹಮ್ಮಿಗಿಯಲ್ಲೇ ಪೂರ್ತಿ ಕಲಿತಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಇನಾಮದಾರ ರಾಯರ ಊರು ಲಕ್ಷ್ಮೇಶ್ವರದಾಚೆ, ಬಾಳೆಹೊಸೂರಿಗೆ ಹೋಗುವ ದಾರಿಯಲ್ಲಿ. ಅದು ಆಗ ಸಂಸ್ಥಾನದ ಸೀಮೆ, ನಮ್ಮದು ಮುಂಬಯಿ ಸರಕಾರದ್ದು. ರಾಯರಿಗೆ ನೂರಾರು ಕೂರಿಗೆ ಹೊಲ, ವಾಡೆಯ ಮುಂದೆ ಬಯಲು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಪಿಚ್ಚಿನ ಮೇಲೆ ಹಾಸುವ ಒಂದು ನಾರಿನ ಮ್ಯಾಟು. ಎರೆಮಣ್ಣಿನ ಮೇಲೆ ಮ್ಯಾಟಿಲ್ಲದೆ ಆಡಲಾಗದು, ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಕೆಸರು. ಸುತ್ತ ಇದ್ದ ಒಳ್ಳೆಯ ಮ್ಯಾಟು ಅದೊಂದೇ. ಹೀಗಾಗಿ ಎಲ್ಲ ತಂಡಗಳೂ ಅವರಲ್ಲಿಗೇ ಹೋಗುತ್ತಿದ್ದವು, ಅವರು ಎಲ್ಲಿಗೂ ಬರುತ್ತಿರಲಿಲ್ಲ. ಅಂಪೈರುಗಳು ಯಾರು? ಒಬ್ಬರು ವಾಡೆಯ ಕಾರಕೂನರು, ಇನ್ನೊಬ್ಬರು ರಾಯರು ಮನೆ ಕೊಟ್ಟು ಇಟ್ಟುಕೊಂಡಿದ್ದ ಪಂತೋಜಿ.

ನಾನು ಒಮ್ಮೆ ನಮ್ಮ ತಂಡದ ಜೊತೆ ಹೋಗಿ ನೋಡಿದೆ. ಪರಪ್ಪನ ಎರಡನೆಯ ಓವರಿನಲ್ಲಿ ರಾಯರ ನಡುವಿನ ಸ್ಟಂಪು ಕಿತ್ತು ಹಿಂದೆ ಬಿತ್ತು. ಸ್ಟಂಪು ಬಿದ್ದು, ಕೀಪರು ಕುಣಿದು, ನಾವು ಚಪ್ಪಾಳೆ ತಟ್ಟಿ ಮುಗಿಸಿದ ಮೇಲೆ ಕಾರಕೂನರು ಗಂಟಲು ಸರಿಮಾಡಿಕೊಂಡು "ನೋಬಾಲ್" ಎಂದರು.

ಪರಪ್ಪ ನನ್ನ ಕಡೆ ನೋಡಿದ. ನನ್ನ ಪಕ್ಕದಲ್ಲಿ ಮ್ಯಾಟು ನೋಡಿಕೊಳ್ಳುವ ಹುಸೇನಸಾಬ ಕೂತಿದ್ದ.

"ಸಿಟ್ಟಾಗಬ್ಯಾಡ್ರಿ," ಎಂದ. "ಇಲ್ಲಿ ಮೊದಲನೇ ಔಟು ದೇವರಿಗೆ. ಎರಡನೇದಕ್ಕ ಹೋಗ್ತಾರ."

"ರಾಯರಿಗೆ ಇದು ಗೊತ್ತೈತೇನು?"

"ಅವ್ರು ಒಂದ ದಿನಾನೂ ಕೇಳಿಲ್ಲ. ಇವ್ರು ಒಂದ ದಿನಾನೂ ಬಿಟ್ಟಿಲ್ಲ."

ಅವತ್ತು ಹುಸೇನಸಾಬ ಇನ್ನೊಂದು ಸಂಗತಿಯನ್ನೂ ತೋರಿಸಿದ. ಆ ಮ್ಯಾಟು ಸ್ವಲ್ಪ ಗಿಡ್ಡ. ಬ್ಯಾಟು ಹಿಡಿದವನ ಗೆರೆಯ ತುಸು ಮುಂದೆಯೇ ಮುಗಿಯುತ್ತಿತ್ತು. ಅಂಚು ಏಳದಂತೆ ಅಲ್ಲಿ ಐದು ಕಬ್ಬಿಣದ ಗೂಟ ಹೊಡೆದಿದ್ದ. ಮುಂದೆ ಚಾಚಿ ಆಡುವವರ ಬ್ಯಾಟು ಎಷ್ಟೋ ಸಲ ನಡುವಿನ ಗೂಟಕ್ಕೆ ತಗಲಿ ಟಕ್ ಎನ್ನುತ್ತಿತ್ತು. ಹೊಸಬರು ಅದನ್ನು ಬ್ಯಾಟಿಗೆ ಚೆಂಡು ಬಡಿದ ಸಪ್ಪಳ ಎಂದುಕೊಂಡು ಮೋಸ ಹೋಗುತ್ತಿದ್ದರು. ನಾನು ಇನ್ನು ಮೋಸ ಹೋಗುವುದಿಲ್ಲ ಎಂದುಕೊಂಡೆ.

ಗದಗಿಗೆ ಬಂದವನೇ ನಮ್ಮ ವಾಚನಾಲಯದ ಚರ್ಚಾಕೂಟದಲ್ಲಿ ಈ ಸಂಗತಿಯನ್ನು ಬಿಚ್ಚಿಟ್ಟೆ. ಅವತ್ತಿನ ವಿಷಯ "ಜಗತ್ತಿನ ಅತಿ ದೊಡ್ಡ ಬ್ಯಾಟ್ಸ್‌ಮನ್ ಯಾರು". ಒಬ್ಬರು ಆಸ್ಟ್ರೇಲಿಯಾದವನ ಸರಾಸರಿ ಹೇಳಿದರು. ಇನ್ನೊಬ್ಬರು ಮಳೆಗೆ ಕೆಟ್ಟ ಪಿಚ್ಚಿನ ಮೇಲೆ ಆಡಿ ತೋರಿಸಿದ ಇಂಗ್ಲೆಂಡಿನವನೇ ದೊಡ್ಡವ ಎಂದರು. ಮೂರನೆಯವರು ನಮ್ಮ ದೇಶದವರ ಪರ ಎದ್ದು, ಅಭಿಮಾನದ ಮೇಲೆ ವಾದ ಕಟ್ಟಿ ಕೂತರು. ನನ್ನ ಸರದಿ ಬಂತು. ಸರಾಸರಿಯನ್ನು ಒಪ್ಪುವ ಮೊದಲು ಅಂಪೈರು ಯಾರ ಅನ್ನ ತಿನ್ನುತ್ತಾನೆ ಎಂದು ಕೇಳಿ, ಎಂದೆ. ಹಳೆಯ ಕಾಲದ ಒಬ್ಬ ಗಡ್ಡದ ಆಟಗಾರ ಔಟಾದರೂ ಬೇಲ್ಸು ಎತ್ತಿಟ್ಟುಕೊಂಡು ಮತ್ತೆ ಆಡುತ್ತಿದ್ದನಂತೆ, ಸುಳ್ಳೋ ಖರೆಯೋ, ಆ ಕಥೆ ಹುಟ್ಟಿದ್ದಾದರೂ ಯಾಕೆ, ಎಂದೆ. ದೊಡ್ಡವನು ಎನಿಸಿಕೊಳ್ಳಬೇಕಾದರೆ ತನ್ನನ್ನು ಕಂಡರೆ ಅಂಜದ ಒಬ್ಬನ ಎದುರು ಆಡಬೇಕು. ಉಳಿದದ್ದೆಲ್ಲ ಮನೆಯ ಅಂಗಳದ ಆಟ. ಉದಾಹರಣೆಗೆ ನಮ್ಮ ಇನಾಮದಾರ ರಾಯರು: ಅವರ ರನ್ನುಗಳಲ್ಲಿ ಅರ್ಧ ಅವರು ಹೊಡೆದದ್ದು, ಅರ್ಧ ಅವರ ಉಪ್ಪು ಹೊಡೆದದ್ದು.

ಜನ ನಕ್ಕರು. ನಾನು ಗೆದ್ದೆ. ಮಾತು ಲಕ್ಷ್ಮೇಶ್ವರ ದಾಟಿ ಹೋಗಲು ಎಷ್ಟು ದಿನ ಹಿಡಿಯಿತೋ ಗೊತ್ತಿಲ್ಲ, ಮುಟ್ಟಿತಂತೂ ಹೌದು.

ಸಂಸ್ಥಾನಗಳು ವಿಲೀನವಾದವು. ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ನಮ್ಮ ಶಾಲೆಯ ಮುಂದೆ ಕುದುರೆ ಗಾಡಿ ನಿಂತಿತು. ಇಳಿದವರು ರಾಯರು. ನಲವತ್ತೈದರ ವಯಸ್ಸು, ಎತ್ತರದ ಆಳು, ಕೈಯಲ್ಲಿ ಟೊಪ್ಪಿಗೆ. ನನ್ನನ್ನು ಕೇಳಿಕೊಂಡು ಬಯಲಿಗೇ ಬಂದರು. ಬೈಯುತ್ತಾರೆ, ಬೈದರೆ ಏನು ಉತ್ತರ ಕೊಡಬೇಕು ಎಂದು ಮೂರು ವಾದ ಸಿದ್ಧ ಮಾಡಿಕೊಂಡೆ. ಒಂದೂ ಬೇಕಾಗಲಿಲ್ಲ.

"ಮಾಸ್ತರ, ಉಪ್ಪಿನ ಮಾತು ಆಡಿದವ್ರು ನೀವ ಅಲ್ರಿ?"

"ಹೌದ್ರಿ."

"ಛಲೋ ಅಂದೀರಿ. ನಾ ಹೇಳಾಕ ಬಂದಿದ್ದು ಬ್ಯಾರೆ. ಇಪ್ಪತ್ತೈದು ವರ್ಷ ಆಡೇನಿ. ಮೊದಲ ಹತ್ತು ವರ್ಷ ನಾ ಶಾಣ್ಯಾ ಅಂತ ತಿಳಕೊಂಡಿದ್ದೆ. ಆಮ್ಯಾಲ ಒಂದಿನ ಸ್ಟಂಪ್ ಬಿದ್ದ ಮ್ಯಾಲ ನೋಬಾಲ್ ಅಂದಿದ್ದು ಕಿವಿಗೆ ಬಿತ್ತು. ಮುಂಚೆನೂ ಬೀಳ್ತಿತ್ತು, ಅವತ್ತ ಕೇಳಿಸ್ತು. ಅವತ್ತಿನಿಂದ ಹೊಡದ ಒಂದ ರನ್ನೂ ನಂದು ಅನಸವಲ್ದು."

"ಹಂಗಾದ್ರ ಔಟ್ ಅಂತ ಹೇಳಿ ಹೋಗಬೇಕಿತ್ತಲ್ರಿ?" ಎಂದೆ. ನಾಲಿಗೆ ಅಂಥದು.

ಅವರು ಟೊಪ್ಪಿಗೆಯ ಅಂಚನ್ನು ತಿರುಗಿಸುತ್ತ ನಿಂತರು. "ಹೋಗಬೇಕಿತ್ತು. ಹೋಗಲಿಲ್ಲ. ಹೋಗಿದ್ರ ಕಾರಕೂನರ ಮಾರಿ ಎಲ್ಲಿ ಇಡ್ಬೇಕು ಅಂತ ಅನ್ಕೊಂಡೆ. ಖರೆ ಹೇಳಬೇಕಂದ್ರ ಆಡೂದು ಬಿಡಾಕ ಮನಸ ಬರಲಿಲ್ಲ. ಈಗ ಊರು ನಂದಲ್ಲ, ಯಾರೂ ನನಗ ಅಂಜೂದಿಲ್ಲ. ಗದಗಿಗೆ ಬಂದು ಒಂದ ಪಂದ್ಯ ಆಡ್ತೀನಿ. ನೀವ ಅಂಪೈರ್ ಆಗ್ಬೇಕು. ನನ್ನ ಮ್ಯಾಲ ಸಂಶೆ ಇದ್ದವರs ಬೇಕು ನನಗ. ಒಂದ ಇನಿಂಗ್ಸ್ ಸಾಕು, ನಾ ಏನದೀನಿ ಅಂತ ಗೊತ್ತಾಗ್ಬೇಕು."

ಒಪ್ಪಿಕೊಂಡೆ. ಇಂಥ ಆಮಂತ್ರಣ ಯಾವ ಅಂಪೈರಿಗೂ ಸಿಕ್ಕಿರಲಾರದು ಎಂದು ಒಳಗೇ ಹಿಗ್ಗಿದೆ.

ಪಂದ್ಯದ ಮುಂಜಾನೆ ಹುಸೇನಸಾಬ ಚಕ್ಕಡಿಯಲ್ಲಿ ಅದೇ ಮ್ಯಾಟು ತಂದು ಹಾಸಿದ. ಪ್ರತಿ ಗೂಟವನ್ನೂ ಪಾದದಿಂದ ಒತ್ತಿ ನೋಡುವುದು ಅಂಪೈರಿನ ಮೊದಲ ಕೆಲಸ. ಹೊಸಬರೆ, ಇದನ್ನು ಗೆರೆ ಎಳೆದು ಓದಿಕೊಳ್ಳಿ. ನಾನು ಒಂದು ತುದಿ ನೋಡಿದೆ. ಅಷ್ಟರಲ್ಲಿ ಟಾಸಿನ ನಾಣ್ಯ ಮ್ಯಾಟಿನ ಮಡಿಕೆಯಲ್ಲಿ ನಿಂತುಕೊಂಡಿತೆಂದು ನಾಯಕರು ಜಗಳ ತೆಗೆದರು. ಜಗಳ ಬಿಡಿಸಲು ಹೋದೆ, ಜಗಳದ ರುಚಿಗೆ ಅಲ್ಲೇ ನಿಂತೆ. ಇನ್ನೊಂದು ತುದಿ ನೋಡಲಿಲ್ಲ. ಆ ಮ್ಯಾಟು ನನಗೆ ಮೊದಲೇ ಗೊತ್ತಿದ್ದದ್ದು ಎಂದುಕೊಂಡೆ.

ರಾಯರು ಆಡಲು ಬಂದರು. ನಾನು ಕಂಡದ್ದನ್ನು ಕಂಡಂತೆ ಹೇಳಬೇಕು. ಪರಪ್ಪ ಅವತ್ತು ಜೀವ ಹಾಕಿ ಎಸೆದ. ರಾಯರು ಅವಸರ ಮಾಡಲಿಲ್ಲ. ಚೆಂಡು ಮ್ಯಾಟಿಗೆ ಬಿದ್ದು ಎದೆಯೆತ್ತರ ಏಳುವಾಗ ಮಣಿಕಟ್ಟು ಸಡಿಲಿಸಿ ಕಾಲ ಹತ್ತಿರ ಕೆಡವುತ್ತಿದ್ದರು. ತುಸು ಹಗುರ ಬಿದ್ದರೆ, ಇಬ್ಬರು ಫೀಲ್ಡರ ನಡುವೆ ದಾರಿ ಮೊದಲೇ ಗುರುತು ಹಾಕಿಟ್ಟಂತೆ ಹೋಗುತ್ತಿತ್ತು. ಇಪ್ಪತ್ತು ಆಯಿತು, ಮೂವತ್ತು ಆಯಿತು. ನಾನು ತಪ್ಪು ಹುಡುಕುತ್ತಿದ್ದೆ, ಸಿಗುತ್ತಿರಲಿಲ್ಲ. ನಲವತ್ತಕ್ಕೆ ಬಂದಾಗ ನನಗೆ ಸ್ಪಷ್ಟವಾಯಿತು: ವಾಚನಾಲಯದಲ್ಲಿ ನಾನು ಗೆದ್ದ ವಾದ ಇಲ್ಲಿ ಬಿಸಿಲಿನಲ್ಲಿ ಸೋಲುತ್ತಿದೆ. ಈ ಮನುಷ್ಯ ಖರೆಯೇ ದೊಡ್ಡ ಬ್ಯಾಟ್ಸ್‌ಮನ್.

ನಲವತ್ತಮೂರರ ಮೇಲೆ ಪರಪ್ಪ ಒಂದು ನೇರ ಚೆಂಡು ಹಾಕಿದ. ರಾಯರು ಮುಂದೆ ಚಾಚಿದರು. ಟಕ್ ಎಂದಿತು, ಹಿಂದೆಯೇ ಪ್ಯಾಡಿಗೆ ಧಪ್ ಎಂದಿತು. ಪರಪ್ಪ ತಿರುಗಿ ಕೂಗಿದ. ಟಕ್ ಎಂದದ್ದು ಚೆಂಡು ಬ್ಯಾಟಿಗೆ ಬಡಿದದ್ದಾಗಿದ್ದರೆ ಔಟಲ್ಲ. ಆದರೆ ಅದು ಗೂಟ, ಬ್ಯಾಟು ನಡುವಿನ ಗೂಟಕ್ಕೆ ತಗಲಿದೆ, ಹೊಸಬರಾಗಿದ್ದರೆ ಮೋಸ ಹೋಗುತ್ತಿದ್ದರು. ಇಷ್ಟೂ ಒಂದು ಉಸಿರಿನಲ್ಲಿ ನನ್ನ ತಲೆಯಲ್ಲಿ ಹಾದುಹೋಯಿತು. ಬೆರಳು ಎತ್ತಿದೆ.

ರಾಯರು ಕದಲಿರಲಿಲ್ಲ. ನನ್ನ ಬೆರಳನ್ನು ನೋಡಿದರು, ಕೆಳಗೆ ತಮ್ಮ ಕಾಲ ಮುಂದಿನ ಮ್ಯಾಟನ್ನು ನೋಡಿದರು. ಆಮೇಲೆ ಬ್ಯಾಟನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು.

ಊಟದ ವಿರಾಮದಲ್ಲಿ ಮ್ಯಾಟು ಬಿಗಿ ಮಾಡಲು ಹುಸೇನಸಾಬ ಸುತ್ತಿಗೆ ಹಿಡಿದು ಆ ತುದಿಗೆ ಹೋದ. ನಾನೂ ಹೋದೆ. ನಾಲ್ಕು ಗೂಟ ಇದ್ದವು. ನಡುವಿನದು ಇರಲಿಲ್ಲ. ತೂತನ್ನು ದಪ್ಪ ದಾರದಿಂದ ಹೊಲಿದು, ಅಂಚನ್ನು ಮಣ್ಣಿನೊಳಗೆ ಹೂತಿದ್ದ.

"ಇಲ್ಲಿನ ಗೂಟ ಎಲ್ಲಿ, ಹುಸೇನಸಾಬ?"

"ಮುಂಜಾನೆನ ಕಿತ್ತೇನ್ರಿ. ರಾಯರು ಹೇಳಿದ್ರು. ಇವತ್ತ ಬ್ಯಾಟಿನ ಸಪ್ಪಳ ಬಿಟ್ಟು ಬ್ಯಾರೆ ಯಾವ ಸಪ್ಪಳಾನೂ ಬರಬಾರದು, ಮಾಸ್ತರಿಗೆ ಗೊಂದಲ ಆಗಬಾರದು ಅಂತ." ಸುತ್ತಿಗೆ ಕೆಳಗಿಟ್ಟು ನನ್ನ ಮುಖ ನೋಡಿದ. "ಯಾಕ್ರಿ? ನಿಮಗ ಹೇಳಿರಲಿಲ್ಲೇನ್ರಿ?"

ಹೇಳುವ ಅಗತ್ಯ ಇರಲಿಲ್ಲ. ಎರಡೂ ತುದಿ ನೋಡುವುದು ನನ್ನ ಕೆಲಸ.

ಹೆಡ್ ಮಾಸ್ತರರ ಹತ್ತಿರ ಹೋಗಿ ಹೇಳಿದೆ. ಅವರು ಊಟ ಮಾಡುತ್ತಿದ್ದರು. "ಕೊಟ್ಟ ತೀರ್ಪು ಕೊಟ್ಟಂಗ," ಎಂದರು. "ಇವತ್ತ ತಪ್ಪಾತು ಅಂದಿ ಅಂದ್ರ ನಾಳಿಂದ ಪ್ರತಿ ಬಾಲಿಗೂ ಕೋರ್ಟ್ ಶುರು ಆಗತೈತಿ. ಕುಂಡ್ರು, ಊಟ ಮಾಡು." ಮೇಲಿನವರ ಮಾತನ್ನು ಎಂದೂ ಸುಮ್ಮನೆ ಒಪ್ಪದ ನಾನು ಅವತ್ತು ಒಪ್ಪಿದೆ. ಎದುರುವಾದ ಒಂದೂ ಹೊಳೆಯಲಿಲ್ಲ. ಹೊಳೆಯಲು ನಾನು ಬಿಡಲಿಲ್ಲ ಎನ್ನುವುದು ಹೆಚ್ಚು ಸರಿ.

ಪಂದ್ಯ ಮುಗಿದು ಚಹಾ ಕುಡಿಯುವಾಗ ಪರಪ್ಪ, ಗೆದ್ದ ಹುಮ್ಮಸ್ಸಿನಲ್ಲಿ, ರಾಯರ ಹತ್ತಿರ ಹೋಗಿ ಕೇಳಿದ: "ಖರೆ ಹೇಳ್ರಿ ರಾಯರ, ಔಟ್ ಇತ್ತಲ್ರಿ?"

ನಾನು ಹತ್ತು ಹೆಜ್ಜೆ ದೂರ ಇದ್ದೆ.

"ಔಟ್ ಇತ್ತು," ಎಂದರು ರಾಯರು. "ಮಾಸ್ತರು ಬೆರಳ ಎತ್ತೂಕಿಂತ ಮೊದಲs ನಾ ಹೊಂಟಿದ್ನಲ್ಲೋ."

ಚಪ್ಪಾಳೆ ಬಿತ್ತು. ಬೆರಳು ಮೊದಲು ಎದ್ದದ್ದನ್ನು ಕಣ್ಣಾರೆ ಕಂಡ ಹನ್ನೊಂದು ಮಂದಿಯೂ ಚಪ್ಪಾಳೆ ತಟ್ಟಿದರು. ವಾರ ಕಳೆಯುವುದರಲ್ಲಿ ಹರ್ತಿಯಿಂದ ಶಿರಹಟ್ಟಿಯವರೆಗೆ ಎಲ್ಲರೂ ಅದನ್ನು ಕಂಡವರೇ ಆದರು. ನನಗೂ ಅದರಿಂದ ಒಳ್ಳೆಯದೇ ಆಯಿತು. "ರಾಯರಂಥವರೇ ಒಪ್ಪಿ ನಡೆದ ಅಂಪೈರು" ಎಂದು ಹೆಸರಾಯಿತು, ದೊಡ್ಡ ಪಂದ್ಯಗಳಿಗೆ ಕರೆ ಬಂತು. ನನ್ನ ಇಡೀ ವೃತ್ತಿಗೆ ಬುನಾದಿ ಆ ಒಂದು ಮಾತು.

ಈಗ ಟೀವಿಯಲ್ಲಿ ಮೂರನೆಯ ಅಂಪೈರು ಕೂತು ಒಂದೇ ಚೆಂಡನ್ನು ಐದು ಸಲ ತಿರುಗಿಸಿ ನೋಡುತ್ತಾನೆ. ಅದನ್ನು ಹಳಿಯುವ ಹಳಬರ ಗುಂಪಿಗೆ ನಾನು ಸೇರುವವನಲ್ಲ. ಯಂತ್ರಕ್ಕೆ ಮೊದಲೇ ಕಟ್ಟಿಕೊಂಡ ವಾದ ಇರುವುದಿಲ್ಲ. ನನಗೆ ಇತ್ತು. ಆ ಟಕ್ ಅನ್ನು ಗೂಟವೆಂದು ಕೇಳಿಸಿಕೊಂಡದ್ದು ಕಿವಿಯೋ, ಸೋಲುತ್ತಿದ್ದ ವಾದವೋ, ಎರಡೂ ಪಕ್ಷ ಹಿಡಿದು ಎಷ್ಟೋ ಸಲ ವಾದಿಸಿ ನೋಡಿದ್ದೇನೆ. ತೀರ್ಪು ಬಂದಿಲ್ಲ. ಜಗತ್ತಿನ ಎಲ್ಲವನ್ನೂ ಸಂಶಯಿಸಿದವನು ತನಗೆ ಗೊತ್ತಿದ್ದದ್ದನ್ನು ಮಾತ್ರ ಸಂಶಯಿಸಲಿಲ್ಲ.

ರಾಯರು ಆಮೇಲೆ ಆಡಲಿಲ್ಲ. ನಾಡು ಒಂದಾದ ವರ್ಷ, ಏಕೀಕರಣದ ಸಂಭ್ರಮಕ್ಕೆ ನಮ್ಮ ಶಾಲೆ ಪಂದ್ಯ ಇಟ್ಟಾಗ, ತಮ್ಮ ಮ್ಯಾಟನ್ನು ಶಾಲೆಗೆ ಕೊಡುತ್ತೇನೆ ಎಂದು ಹೇಳಿ ಕಳಿಸಿ ತಾವೂ ಬಂದರು. ಕೂದಲು ಬೆಳ್ಳಗಾಗಿತ್ತು, ಕೈಯಲ್ಲಿ ಕೋಲು ಇತ್ತು. ಹೊಸ ಮಾಸ್ತರರು ಸುತ್ತ ನಿಂತು ಆ ಕಥೆ ಹೇಳಿಸಿಕೊಂಡರು. ರಾಯರು ಹೇಳಿದರು, ಒಂದು ಅಕ್ಷರ ಬದಲಿಸದೆ. ಅವರೆಲ್ಲ ಚಹಾಕ್ಕೆ ಹೋದ ಮೇಲೆ ನಾವಿಬ್ಬರೇ ಉಳಿದೆವು.

ನಾನು ಮ್ಯಾಟು ಬಿಡಿಸಿ ಗೂಟ ಹೊಡೆಯತೊಡಗಿದೆ. ಈ ಸಲ ಎರಡೂ ತುದಿ. ಗಿಡ್ಡ ತುದಿಗೆ ಬಂದಾಗ ನಡುವಿನ ತೂತು ಇನ್ನೂ ಹೊಲಿದೇ ಇತ್ತು. ಎಂಟು ವರ್ಷದ ದಾರ, ಮ್ಯಾಟಿನ ಬಣ್ಣಕ್ಕೇ ತಿರುಗಿತ್ತು. ಬಿಚ್ಚಬೇಕೆಂದು ಗೂಟದ ಮೊನೆಯನ್ನು ದಾರಕ್ಕೆ ಹಚ್ಚಿದೆ.

"ಅಲ್ಲಿ ಗೂಟ ಬ್ಯಾಡ, ಮಾಸ್ತರ," ಎಂದರು ರಾಯರು.

ನಾನು ಮೊಣಕಾಲ ಮೇಲೆ ಕೂತಲ್ಲಿಂದಲೇ ತಲೆ ಎತ್ತಿದೆ. ಅವರು ಬ್ಯಾಟು ಹಿಡಿಯುವವರು ನಿಲ್ಲುವ ಜಾಗದಲ್ಲಿ, ಕೋಲು ಊರಿ ನಿಂತಿದ್ದರು.

"ರಾಯರ, ಅವತ್ತ ಬ್ಯಾಟಿಗೆ ಬಡದಿತ್ತು. ಅದು ನಿಮಗ ಗೊತ್ತಿತ್ತು, ಊಟದ ಹೊತ್ತಿಗೆ ನನಗೂ ಗೊತ್ತಾತು. ಮಂದಿ ಮುಂದ ಔಟ್ ಇತ್ತು ಅಂತ ಯಾಕಂದ್ರಿ? ನನ್ನ ಉಳಸಾಕೋ, ಒಮ್ಮೆರ ತಾವಾಗೇ ಹೋದವ್ರು ಅನಿಸಿಕೊಂಡು ನಿಮ್ಮನ್ನ ನೀವು ಉಳಿಸಿಕೊಳ್ಳಾಕೋ?"